ತೂತು ತೋರಿಸದೆ ಹಾಕಿದ ತೇಪೆ

2008ರ ಮಾರ್ಚ್ 31. ಅಮೆರಿಕದ ರೆಡ್ಮಂಡ್‌ನಲ್ಲಿರುವ ಮೈಕ್ರೋಸಾಫ್ಟ್ ಆವರಣದಲ್ಲಿ ಹದಿನಾರು ಜನ ಸದ್ದಿಲ್ಲದೆ ಸೇರಿದರು. ಮಾರುಕಟ್ಟೆಯಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕಲು ನೋಡುವ ಕಂಪನಿಗಳವರೂ ಅಲ್ಲಿದ್ದರು. ಅವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿದ್ದು ಡ್ಯಾನ್ ಕಮಿನ್ಸ್ಕಿ ಎಂಬ 29ರ ತರುಣ ಕಂಡುಹಿಡಿದಿದ್ದ ಒಂದು ತೂತು. ಅದು ಇದ್ದದ್ದು ಡಿಎನ್ಎಸ್‌ನಲ್ಲಿ.

ನಾವು ಬ್ರೌಸರಿನಲ್ಲಿ ಬ್ಯಾಂಕಿನ ಹೆಸರು ಬರೆಯುತ್ತೇವೆ. ಕಂಪ್ಯೂಟರಿಗೆ ಬೇಕಾದದ್ದು ಅಂಕಿಗಳ ವಿಳಾಸ. ನಮಗೆ ಇಂಟರ್ನೆಟ್ ಕೊಡುವ ಕಂಪನಿಯ ಡಿಎನ್ಎಸ್ ಸರ್ವರ್ ನಮ್ಮ ಪರವಾಗಿ ಅವರಿವರನ್ನು ವಿಚಾರಿಸಿ ಆ ವಿಳಾಸ ತಂದುಕೊಡುತ್ತದೆ. ಪ್ರತಿಸಲ ವಿಚಾರಿಸುವ ಗೋಜು ಯಾಕೆ ಅಂತ ಸ್ವಲ್ಪ ಹೊತ್ತು ನೆನಪಿನಲ್ಲೂ ಇಟ್ಟುಕೊಳ್ಳುತ್ತದೆ. ಈ ನೆನಪಿಗೆ ಕ್ಯಾಶ್ ಎನ್ನುತ್ತಾರೆ. ಅದರೊಳಗೆ ಯಾರಾದರೂ ಸುಳ್ಳು ವಿಳಾಸ ತುರುಕಿಬಿಟ್ಟರೆ? ಆ ಸರ್ವರನ್ನು ನಂಬಿದ ಸಾವಿರಾರು ಮನೆಯವರು ಬ್ಯಾಂಕಿನ ಹೆಸರನ್ನು ಸರಿಯಾಗೇ ಬರೆದು, ನೇರ ಕಳ್ಳನ ಮನೆಗೆ ಹೋಗಿ ನಿಲ್ಲುತ್ತಾರೆ.

ತುರುಕುವುದು ಹೇಗೆ? ಸರ್ವರ್ ಪ್ರತಿ ಪ್ರಶ್ನೆಯ ಜೊತೆ ಒಂದು ಟೋಕನ್ ನಂಬರ್ ಕಳಿಸುತ್ತದೆ. ಉತ್ತರದಲ್ಲೂ ಅದೇ ನಂಬರ್ ಇರಬೇಕು. ಒಟ್ಟು ನಂಬರುಗಳು 65,536. ನಂಬರ್ ಸರಿಹೊಂದಿದ ಮೊದಲ ಉತ್ತರಕ್ಕೇ ಗೆಲುವು. ಕಳಿಸಿದವರ ವಿಳಾಸವನ್ನೂ ಸರ್ವರ್ ನೋಡುತ್ತದೆ ಅನ್ನಿ. ಆದರೆ ಲಕೋಟೆಯ ಮೇಲೆ ಬೇರೆಯವರ ವಿಳಾಸ ಬರೆಯುವುದೇನು ಕಷ್ಟ?

1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್ಎಸ್ ರೂಪಿಸಿದಾಗ ಜಾಲದಲ್ಲಿ ಇದ್ದವರೇ ಕಡಿಮೆ. ಇಷ್ಟು ಕಾವಲು ಸಾಕು ಅನ್ನಿಸಿತ್ತು. ಆಮೇಲೆ ಅಪಾಯ ಗೊತ್ತಾದರೂ ಹೆಚ್ಚಿನವರು ತಲೆಕೆಡಿಸಿಕೊಳ್ಳಲಿಲ್ಲ. ಕಳ್ಳನ ಊಹೆ ತಪ್ಪಿ ಅಸಲಿ ಉತ್ತರ ಬಂದರೆ ಅದು ಕ್ಯಾಶಿನಲ್ಲಿ ಕೂತುಬಿಡುತ್ತದೆ. ಅದರ ಅವಧಿ ಮುಗಿಯುವ ತನಕ, ಒಂದೊಂದು ಸಲ ಇಡೀ ದಿನ, ಸರ್ವರ್ ಮತ್ತೆ ಕೇಳುವುದೇ ಇಲ್ಲ. ಅಷ್ಟು ಹೊತ್ತು ಕಳ್ಳ ಕಾಯಬೇಕು.

ಕಾಯುವ ಅಗತ್ಯವೇ ಇಲ್ಲ ಅನ್ನುವುದು ಕಮಿನ್ಸ್ಕಿಗೆ ಹೊಳೆಯಿತು. ಬ್ಯಾಂಕಿನ ಹೆಸರನ್ನೇ ಯಾಕೆ ಕೇಳಬೇಕು? ಅದರ ಮುಂದೆ ಇಲ್ಲದ್ದೊಂದನ್ನು ಅಂಟಿಸಿ ಕೇಳಿದರಾಯಿತು: 1 ಡಾಟ್ ಬ್ಯಾಂಕು, 2 ಡಾಟ್ ಬ್ಯಾಂಕು, 3 ಡಾಟ್ ಬ್ಯಾಂಕು. ಇವು ಯಾವುವೂ ಕ್ಯಾಶಿನಲ್ಲಿಲ್ಲ. ಸರ್ವರ್ ಪ್ರತಿಸಲ ಹೊಸದಾಗಿ ಕೇಳಲೇಬೇಕು, ಪ್ರತಿಸಲವೂ ಕಳ್ಳನಿಗೆ ಹೊಸ ಲಾಟರಿ. ಅವನ ನಕಲಿ ಉತ್ತರ ಹೀಗಿರುತ್ತದೆ: ‘3 ಡಾಟ್ ಬ್ಯಾಂಕು ನನಗೆ ಗೊತ್ತಿಲ್ಲ. ಬ್ಯಾಂಕಿನ ಮುಖ್ಯ ಸರ್ವರನ್ನು ಕೇಳಿ, ಅದರ ವಿಳಾಸ ತಗೊಳ್ಳಿ.’ ಆ ವಿಳಾಸ ಕಳ್ಳನದು. ಒಂದೇ ಮನೆತನದ ಹೆಸರು ಅಲ್ವಾ ಅಂತ ಸರ್ವರ್ ಅದನ್ನೂ ನಂಬಿ ಬರೆದುಕೊಳ್ಳುತ್ತದೆ. ಕೆಲವೇ ಸೆಕೆಂಡುಗಳ ಕೆಲಸ.

ಯಾವನೋ ಒಬ್ಬ ಪ್ರೋಗ್ರಾಮರ್ ಕಣ್ತಪ್ಪಿನಿಂದ ಮಾಡಿದ್ದಾಗಿದ್ದರೆ ಒಂದು ಕಂಪನಿ ಸರಿಪಡಿಸಿ ಕೈತೊಳೆದುಕೊಳ್ಳಬಹುದಿತ್ತು. ಸಡಿಲವಿದ್ದದ್ದು ಡಿಎನ್ಎಸ್ಸಿನ ನಿಯಮಗಳಲ್ಲೇ. ಹಾಗಾಗಿ ಬೈಂಡ್ ಎಂಬ ಡಿಎನ್ಎಸ್ ಪ್ರೋಗ್ರಾಂ ಇರಲಿ, ಮೈಕ್ರೋಸಾಫ್ಟ್, ಸಿಸ್ಕೊ ಕಂಪನಿಗಳ ಸರ್ವರುಗಳಿರಲಿ, ಎಲ್ಲಕ್ಕೂ ಒಂದೇ ರೋಗ.

ರೆಡ್ಮಂಡ್ ಸಭೆಗೆ ಇನ್ನೊಂದು ತಲೆನೋವೂ ಇತ್ತು. ತೇಪೆ ಹಾಕಿದರೆ ತೂತು ಎಲ್ಲಿದೆ ಅಂತ ತೇಪೆಯೇ ಹೇಳಿಬಿಡುತ್ತದೆ. ಹಳೆಯ ಪ್ರೋಗ್ರಾಮನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಅನುಭವಿಗಳಿಗೆ ಅರ್ಥವಾಗುತ್ತದೆ. ಅದಕ್ಕೇ ಅವರು ಇಡೀ ಬಟ್ಟೆಗೆ ಅಸ್ತರ್ ಕೊಟ್ಟಂಥ ಉಪಾಯ ಆರಿಸಿದರು. ಅಲ್ಲಿಯವರೆಗೆ ಎಷ್ಟೋ ಸರ್ವರುಗಳು ಎಲ್ಲ ಪ್ರಶ್ನೆಯನ್ನೂ ಒಂದೇ ಕಿಟಕಿಯಿಂದ, ಅಂದರೆ ಒಂದೇ ಪೋರ್ಟ್‌ನಿಂದ, ಕಳಿಸುತ್ತಿದ್ದವು. ಇನ್ನು ಮೇಲೆ ಪ್ರತಿ ಪ್ರಶ್ನೆಗೂ ಬೇರೆ ಬೇರೆ ಕಿಟಕಿ. ಉತ್ತರ ಅದೇ ಕಿಟಕಿಗೆ ಬರಬೇಕು. ಕಳ್ಳ ಟೋಕನ್ನನ್ನೂ ಕಿಟಕಿಯನ್ನೂ ಒಟ್ಟಿಗೆ ಊಹಿಸಬೇಕು. ಸಾಧ್ಯತೆಗಳು 65 ಸಾವಿರದಿಂದ ಹೆಚ್ಚೆಂದರೆ 400 ಕೋಟಿಯ ಹತ್ತಿರಕ್ಕೆ ಏರಿದವು. ಕಮಿನ್ಸ್ಕಿಯ ಉಪಾಯದ ಸುಳಿವು ಮಾತ್ರ ಎಲ್ಲೂ ಬಿಟ್ಟುಕೊಡಲಿಲ್ಲ. ನನಗಂತೂ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಜಾಣತನ. ಹಾಗೆ ನೋಡಿದರೆ ಡ್ಯಾನಿಯಲ್ ಬರ್ನ್‌ಸ್ಟೈನ್ ಎಂಬ ಪ್ರಾಧ್ಯಾಪಕರು ತಮ್ಮ ಡಿಎನ್ಎಸ್ ಸರ್ವರಿನಲ್ಲಿ ವರ್ಷಗಳ ಹಿಂದೆಯೇ ಹೀಗೆ ಮಾಡಿದ್ದರು. ಉಳಿದವರು ನೋಡಿ ಸುಮ್ಮನಿದ್ದರು, ಅಷ್ಟೇ.

ಜುಲೈ 8ರಂದು ಎಲ್ಲ ಕಂಪನಿಗಳೂ ಒಂದೇ ದಿನ ತೇಪೆ ಬಿಟ್ಟವು. ಆಗಸ್ಟ್ 6ರಂದು ಲಾಸ್ ವೇಗಸ್‌ನಲ್ಲಿ ಎಲ್ಲ ಹೇಳುತ್ತೇನೆ, ಅಲ್ಲಿಯ ತನಕ ಬಹಿರಂಗವಾಗಿ ಊಹೆ ಮಾಡಬೇಡಿ ಎಂದು ಕಮಿನ್ಸ್ಕಿ ಕೇಳಿಕೊಂಡರು. ಗುಟ್ಟು ಉಳಿದದ್ದು 13 ದಿನ. ಜುಲೈ 21ರಂದು ಜರ್ಮನಿಯ ತಜ್ಞರೊಬ್ಬರು ಹೆಚ್ಚುಕಡಿಮೆ ಸರಿಯಾಗಿ ಊಹಿಸಿ ಬರೆದರು. ವಿಷಯ ಮೊದಲೇ ಗೊತ್ತಿದ್ದ ಒಂದು ಭದ್ರತಾ ಕಂಪನಿ ಅಚಾತುರ್ಯದಿಂದ ಪೂರ್ತಿ ವಿವರ ಪ್ರಕಟಿಸಿಬಿಟ್ಟಿತು. ಎರಡೇ ದಿನದಲ್ಲಿ ದಾಳಿಯ ಪ್ರೋಗ್ರಾಂ ಯಾರು ಬೇಕಾದರೂ ಬಳಸುವಂತೆ ಸಿಕ್ಕಿತು.

ಆ ಹೊತ್ತಿಗೂ ತೇಪೆ ಹಾಕಿಕೊಳ್ಳದವರು ಬೇಕಾದಷ್ಟಿದ್ದರು. ಬೈಯುವುದು ಸುಲಭ, ಆದರೆ ಓಡುತ್ತಿರುವ ಗಾಡಿಯ ಬಾನೆಟ್ ಎತ್ತಲು ಯಾರಿಗೆ ಧೈರ್ಯ ಬರುತ್ತದೆ? ಬೈಂಡಿನ ಮೊದಲ ತೇಪೆ ಹಾಕಿದ ಮೇಲೆ ಜಾಸ್ತಿ ಕೆಲಸವಿರುವ ಸರ್ವರುಗಳು ನಿಧಾನವಾದವು, ಇನ್ನೊಂದು ತೇಪೆ ಬಿಡಬೇಕಾಯಿತು. ಕೆಲವೆಡೆ ಇನ್ನೂ ತಮಾಷೆ. ಸರ್ವರ್ ಕಿಟಕಿ ಬದಲಿಸುತ್ತಲೇ ಇರುತ್ತದೆ, ಅದರ ಮುಂದೆ ಕೂತ ರೌಟರ್ ಅವನ್ನೆಲ್ಲ ಮತ್ತೆ ಸಾಲಾಗಿ ಜೋಡಿಸಿ ಹೊರಗೆ ಕಳಿಸುತ್ತದೆ. ತೇಪೆ ಹಾಕಿದ್ದೂ ನಿಜ, ತೂತು ಉಳಿದದ್ದೂ ನಿಜ.

ಆಗಸ್ಟಿನಲ್ಲಿ ರಷ್ಯಾದ ಭೌತವಿಜ್ಞಾನಿ ಎವ್ಗೆನಿ ಪೋಲ್ಯಾಕೊವ್, ತೇಪೆ ಹಾಕಿದ ಸರ್ವರನ್ನೂ ವೇಗದ ಜಾಲದಲ್ಲಿ ಸುಮಾರು ಹತ್ತು ಗಂಟೆ ಗುದ್ದಿ ಮೋಸಗೊಳಿಸಿ ತೋರಿಸಿದರು. ಸೆಕೆಂಡುಗಳು ಗಂಟೆಗಳಾಗಿದ್ದವು, ಅಷ್ಟೇ. ಪೂರ್ತಿ ಪರಿಹಾರ ಬೇಕಿದ್ದರೆ ಉತ್ತರದ ಮೇಲೆ ನಕಲು ಮಾಡಲಾಗದ ಸಹಿ ಇರಬೇಕು. ಆ ವಿಧಾನಕ್ಕೆ ಡಿಎನ್ಎಸ್ಸೆಕ್ ಎಂದು ಹೆಸರು. ಡಿಎನ್ಎಸ್ಸಿನ ಬುಡದಲ್ಲೇ ಅಂಥ ಸಹಿ ಬಿದ್ದದ್ದು 2010ರ ಜುಲೈ 15ರಂದು. ಆ ಸಹಿಯ ಕೀಲಿ ಕಳೆದುಹೋದರೆ ಮತ್ತೆ ಕಟ್ಟಲು ಬೇಕಾದ ಕಾರ್ಡುಗಳನ್ನು ಲೋಕದ ಬೇರೆ ಬೇರೆ ಕಡೆಯ ಏಳು ಜನರಿಗೆ ಹಂಚಿದರು. ಅವರಲ್ಲಿ ಕಮಿನ್ಸ್ಕಿಯೂ ಒಬ್ಬರು. 2021ರಲ್ಲಿ, 42ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

2024ರ ಫೆಬ್ರುವರಿಯಲ್ಲಿ ಜರ್ಮನಿಯ ಸಂಶೋಧಕರು ಆ ಸಹಿ ಪರೀಕ್ಷೆಯಲ್ಲೇ ಒಂದು ತೂತು ತೋರಿಸಿದರು. ಹೆಸರು ಕೀಟ್ರ್ಯಾಪ್. ಒಂದು ಕೀಲಿ ಹೊಂದದಿದ್ದರೆ ಅದೇ ಗುರುತಿನ ಇನ್ನೊಂದನ್ನು ಹಾಕಿ ನೋಡು ಎಂದು ನಿಯಮ ಹೇಳುತ್ತದೆ. ಕಳ್ಳ ಒಂದೇ ಉತ್ತರದಲ್ಲಿ ರಾಶಿ ಕೀಲಿ, ರಾಶಿ ಸಹಿ ತುಂಬಿ ಕಳಿಸಿದರೆ ವಿಧೇಯ ಸರ್ವರ್ ಎಲ್ಲವನ್ನೂ ಎಲ್ಲಕ್ಕೂ ಹಾಕಿ ನೋಡುತ್ತ ಕೂರುತ್ತದೆ. ಬೈಂಡ್ 16 ಗಂಟೆಯವರೆಗೂ ಹಾಗೆ ಕೂರಬಲ್ಲದು ಎಂದು ಗೊತ್ತಾಯಿತು. ಈ ಸಲವೂ ಕಂಪನಿಗಳು ಗುಟ್ಟಾಗಿ ಸೇರಿ ತೇಪೆ ಸಿದ್ಧಮಾಡಿದವು. ಒಳಗಿರುವುದು ಇಷ್ಟೇ: ಇಷ್ಟು ಕೀಲಿ ಹಾಕಿ ನೋಡಿದ ಮೇಲೂ ಬೀಗ ತೆರೆಯದಿದ್ದರೆ, ಸಾಕು ಬಿಡು.