ಗ್ರೇಸ್ ಕೆಲಿಯ ಮದುವೆ ಉಡುಪು ದಿನಾ ನೋಡಲು ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೊರಟಿದ್ದೇವೆ. ಪಕ್ಕದ ಫಿಲಡೆಲ್ಫಿಯಾದ ಮ್ಯೂಸಿಯಂನಲ್ಲಿ ಹಾಲಿವುಡ್ ನಟಿ ಗ್ರೇಸ್ ಕೆಲಿಯ ಮದುವೆ ಉಡುಪು ಇದೆಯಂತೆ. ಹೋದರೆ ನೋಡಬಹುದಾ? ಒಳಗೆ ಎತ್ತಿಟ್ಟಿದ್ದಾರೆ ಅಂತಲೂ ಕೇಳಿದೆ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಇಡಲು ಏನು ಕಷ್ಟ?

ಉತ್ತರ: ಈ ಪ್ರಶ್ನೆಗೆ ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಉಡುಪು ಅಲ್ಲಿರುವುದು ನಿಜ. 1956ರ ಏಪ್ರಿಲ್ 19ರಂದು ಯುರೋಪಿನ ಪುಟ್ಟ ದೇಶ ಮೊನಾಕೊದ ಕೆಥೆಡ್ರಲ್‌ನಲ್ಲಿ ಆ ದೇಶದ ದೊರೆ ರೈನಿಯೇ ಜೊತೆ ಮದುವೆಯಾದಾಗ ಗ್ರೇಸ್ ತೊಟ್ಟಿದ್ದು ಇದನ್ನೇ. ವಿನ್ಯಾಸ ಸಿನಿಮಾ ವಸ್ತ್ರವಿನ್ಯಾಸಕಿ ಹೆಲೆನ್ ರೋಸ್ ಅವರದು. ಹೊಲಿದಿದ್ದು ಹಾಲಿವುಡ್ಡಿನ ಎಂಜಿಎಂ ಸಿನಿಮಾ ಸ್ಟುಡಿಯೊದ ಉಡುಪು ವಿಭಾಗದವರು, ಅದು ಸ್ಟುಡಿಯೊ ಕೊಟ್ಟ ಉಡುಗೊರೆ. ಗ್ರೇಸ್ ಹುಟ್ಟೂರು ಫಿಲಡೆಲ್ಫಿಯಾ. ಹಾಗಾಗಿ ಅದೇ ವರ್ಷ ಅಲ್ಲಿನ ಕಲಾ ಮ್ಯೂಸಿಯಂಗೆ ಕೊಟ್ಟರು. ಆದರೆ ಅದನ್ನು ಸದಾ ಪ್ರದರ್ಶನಕ್ಕೆ ಇಡುವುದಿಲ್ಲ. ಮದುವೆಗೆ 50 ವರ್ಷ ತುಂಬಿದ 2006ರಲ್ಲಿ ವಿಶೇಷವಾಗಿ ತೋರಿಸಿದರು, ಅದೂ ಕೆಲವೇ ವಾರ. ಹೊರಡುವ ಮುಂಚೆ ಮ್ಯೂಸಿಯಂಗೆ ಕೇಳಿಕೊಂಡು ಹೋಗಿ.

ಈಗ ಗಾಜಿನ ಪೆಟ್ಟಿಗೆಯ ಮಾತು. ಗಾಜಿನೊಳಗಿದ್ದರೆ ಬಟ್ಟೆಗೆ ಏನೂ ಆಗಲ್ಲ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಗಾಜು ಧೂಳು ತಡೆಯುತ್ತದೆ, ಕೈ ತಡೆಯುತ್ತದೆ, ಹುಳ ತಡೆಯುತ್ತದೆ. ಬೆಳಕನ್ನು ತಡೆಯುವುದಿಲ್ಲ. ಉಡುಪು ನಿಮ್ಮ ಕಣ್ಣಿಗೆ ಕಾಣುತ್ತಿದೆ ಅಂದರೆ ಅದರ ಮೇಲೆ ಬೆಳಕು ಬಿದ್ದಿದೆ ಅಂತಲೇ ಅರ್ಥ ಅಲ್ವಾ? ಸೀರೆ ಅಂಗಡಿಯ ಶೋಕೇಸ್‌ನಲ್ಲಿ ತಿಂಗಳುಗಟ್ಟಲೆ ಇದ್ದ ಸೀರೆಯನ್ನು ಬಿಚ್ಚಿ ನೋಡಿ. ಬೀದಿ ಕಡೆಗಿದ್ದ ಮಡಿಕೆ ಬಣ್ಣ ಮಾಸಿರುತ್ತದೆ, ಒಳಗಿನದು ಹೊಸದರಂತೆ ಇರುತ್ತದೆ. ನಡುವೆ ಗಾಜು ಇತ್ತಲ್ಲ!

ಅತಿನೇರಳೆ ಕಿರಣ ತಡೆಯುವ ಫಿಲ್ಮ್ ಅಂಟಿಸಿದರೆ ಸಾಕು ಅನ್ನುವವರೂ ಇದ್ದಾರೆ. ಅಂಟಿಸಬೇಕು, ಒಳ್ಳೆಯದೇ. ಆದರೆ ಉಳಿದ ಬೆಳಕು ಕೂಡ ನಿಧಾನವಾಗಿ ಅದೇ ಕೆಲಸ ಮಾಡುತ್ತದೆ. ರೇಷ್ಮೆ ಒಂದು ಪ್ರೋಟೀನ್. ಬೆಳಕಿಗೆ ಅದರ ಎಳೆಗಳು ಒಳಗಿಂದಲೇ ತುಂಡಾಗುತ್ತಾ ಹೋಗುತ್ತವೆ. ಬಿಳಿ ರೇಷ್ಮೆ ಹಳದಿಯಾಗುತ್ತದೆ, ಆಮೇಲೆ ಮುಟ್ಟಿದರೆ ಬಿರಿಯುತ್ತದೆ. ಹತ್ತಿಗಿಂತ ರೇಷ್ಮೆ ಈ ವಿಷಯದಲ್ಲಿ ಜಾಸ್ತಿ ನಾಜೂಕು. ಗ್ರೇಸ್ ಉಡುಪಿನ ಲಂಗವೆಲ್ಲ ರೇಷ್ಮೆಯೇ.

ಇನ್ನೊಂದು ತಪ್ಪು ಕಲ್ಪನೆ ಇದರ ಜೊತೆಗೇ ಬರುತ್ತದೆ: ಆರು ತಿಂಗಳು ಕತ್ತಲಲ್ಲಿಟ್ಟರೆ ಬಟ್ಟೆ ಸುಧಾರಿಸಿಕೊಳ್ಳುತ್ತದೆ ಅಂತ. ಇಲ್ಲ. ಕತ್ತಲಲ್ಲಿ ಬೆಳಕಿನ ಹಾನಿ ನಿಲ್ಲುತ್ತದೆ, ಆಗಿಹೋದದ್ದು ವಾಪಸ್ ಬರುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಬೆಳಕು ಎಷ್ಟು, ಎಷ್ಟು ಹೊತ್ತು ಅನ್ನುವುದು. ಮ್ಯೂಸಿಯಂಗಳಲ್ಲಿ ಹಳೆ ಬಟ್ಟೆಗೆ ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಅಂದರೆ ಬೀಳುವ ಬೆಳಕನ್ನು ಅಳೆಯುವ ಮಾನ) ಬೆಳಕು ಇಡುತ್ತಾರೆ. ಅದಕ್ಕೇ ಆ ಕೋಣೆಗಳು ಮಬ್ಬು ಮಬ್ಬಾಗಿರುತ್ತವೆ. ದಿನಕ್ಕೆ 8 ಗಂಟೆಯಾದರೆ 400 ಲಕ್ಸ್-ಗಂಟೆ. ನೂರು ದಿನಕ್ಕೆ 40,000. ಇದು ಕೂಡುತ್ತಲೇ ಹೋಗುತ್ತದೆ, ಯಾವತ್ತೂ ಸೊನ್ನೆಗೆ ಇಳಿಯುವುದಿಲ್ಲ. ಇವತ್ತು ನಮಗೆ ತೋರಿಸಿದ ಒಂದೊಂದು ದಿನವೂ ಮುಂದಿನವರ ಪಾಲಿನದು. ಎತ್ತಿಟ್ಟವರನ್ನು ಜಿಪುಣರು ಅನ್ನಬೇಡಿ, ದಯವಿಟ್ಟು.

ಬೊಂಬೆಗೆ ತೊಡಿಸಿ ನಿಲ್ಲಿಸುವುದೂ ಅಷ್ಟು ಸುಲಭವಲ್ಲ. ಅಷ್ಟು ದೊಡ್ಡ ಲಂಗದ ಭಾರ ಹೊಲಿಗೆಗಳನ್ನು ಎಳೆಯುತ್ತದೆ. ಅದಕ್ಕೇ ಇಂಥ ಉಡುಪುಗಳನ್ನು ಆಮ್ಲವಿಲ್ಲದ ಕಾಗದ ಸುತ್ತಿ, ಮಡಿಕೆಗಳೊಳಗೆ ಅದೇ ಕಾಗದದ ಸುರುಳಿ ತುಂಬಿ, ಪೆಟ್ಟಿಗೆಯಲ್ಲಿ ಮಲಗಿಸಿಡುವುದು ವಾಡಿಕೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಬೀರುವಿನಲ್ಲಿರುವ ಧಾರೆ ಸೀರೆಯೂ ರೇಷ್ಮೆಯೇ. ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಅಲ್ಲೇ ಜರಿ ಮುರಿದು ಸೀಳುತ್ತದೆ. ಆಗಾಗ ತೆಗೆದು ಮಡಿಕೆ ಬದಲಿಸಿ. ಮಳೆಗಾಲ ಮುಗಿದ ಮೇಲೆ ಬಿಸಿಲಿಗೆ ಹರಡುವ ಅಭ್ಯಾಸವನ್ನಂತೂ ಬಿಟ್ಟುಬಿಡಿ. ನಡು ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅದರಲ್ಲಿ ಅರ್ಧ ಗಂಟೆ ಇಟ್ಟರೆ, ಮ್ಯೂಸಿಯಂನ ಮಬ್ಬು ಬೆಳಕಲ್ಲಿ ನಾಲ್ಕು ತಿಂಗಳು ಇಟ್ಟಷ್ಟಾಯಿತು. ಬಿಸಿಲಿನಲ್ಲಿ ಅತಿನೇರಳೆ ಕಿರಣ ಬೇರೆ ಇದೆ. ನೆರಳಲ್ಲಿ, ಫ್ಯಾನ್ ಕೆಳಗೆ ಹರಡಿ. ಸೀರೆಗೆ ಬೇಕಿರುವುದು ಗಾಳಿ.