ಟಿವಿಯ ಅಳಿಸುವ ದೃಶ್ಯಗಳು: ಪಾತ್ರ ಅಳಬೇಕಾ, ನಾವು ಅಳಬೇಕಾ?

ಬಾಗಲಕೋಟೆಯಲ್ಲಿ ನನ್ನ ಜೊತೆ ಸ್ಕ್ರಿಪ್ಟ್ ಬರೆಯಲು ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ.

ಕರುಣ ರಸದ ಸ್ಥಾಯಿ ಭಾವ, ಅಂದರೆ ಆ ರಸಕ್ಕೆ ಬೇರಾದ ಭಾವ, ಶೋಕ. ಇದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಆ ಶೋಕ ನೋಡುವವರ ಎದೆಗೆ ಇಳಿಯಬೇಕಲ್ವಾ? ಟಿವಿಯಲ್ಲಿ ಪಾತ್ರ ಅಳು ತಡೆದುಕೊಂಡಾಗಲೇ ಅದು ಜಾಸ್ತಿ ಇಳಿಯುತ್ತದೆ ಅನ್ನುವುದು ನನ್ನ ನಂಬಿಕೆ.

ಅಮೆರಿಕದ ‘ಮ್ಯಾಶ್’ ನೋಡಿ. ಕೊರಿಯಾ ಯುದ್ಧದ ಮಿಲಿಟರಿ ಆಸ್ಪತ್ರೆಯೊಂದರ ನಗೆ ಧಾರಾವಾಹಿ ಅದು. 1975ರ ಮಾರ್ಚ್‌ನಲ್ಲಿ ಬಂದ ಒಂದು ಕಂತಿನಲ್ಲಿ ಕಮಾಂಡರ್ ಹೆನ್ರಿ ಬ್ಲೇಕ್ ಊರಿಗೆ ಹೊರಡುತ್ತಾನೆ. ಎಲ್ಲರೂ ನಗುನಗುತ್ತಾ ಕಳಿಸಿಕೊಡುತ್ತಾರೆ. ಕೊನೆಗೆ ಆಪರೇಷನ್ ಕೋಣೆ. ರೇಡಾರ್ ಅನ್ನುವ ಹುಡುಗ ಕೈಯಲ್ಲಿ ಒಂದು ಕಾಗದ ಹಿಡಿದು ಬರುತ್ತಾನೆ. ‘ಮಾಸ್ಕ್ ಹಾಕಿಕೋ’ ಅಂತ ಒಬ್ಬ ಡಾಕ್ಟರ್ ಗದರಿಸುತ್ತಾನೆ. ಹುಡುಗ ಸುಮ್ನೆ ಓದುತ್ತಾನೆ: ಹೆನ್ರಿಯ ವಿಮಾನವನ್ನು ಹೊಡೆದುರುಳಿಸಿದ್ದಾರೆ, ಯಾರೂ ಉಳಿದಿಲ್ಲ. ಡಾಕ್ಟರ್‌ಗಳ ಮುಖದಲ್ಲಿ ಮಾಸ್ಕ್ ಇರುವುದರಿಂದ ನಮಗೆ ಕಾಣುವುದು ಕಣ್ಣು ಮಾತ್ರ. ಮೇಜಿನ ಮೇಲೆ ಗಾಯಾಳು ಇದ್ದಾನೆ, ಕೈ ನಿಲ್ಲಿಸುವಂತಿಲ್ಲ. ಅಳಲು ಅವರಿಗೆ ಪುರುಸೊತ್ತೇ ಇಲ್ಲ. ಹೆಚ್ಚಿನ ನಟರಿಗೆ ಈ ಕೊನೆಯ ಪುಟವನ್ನು ಚಿತ್ರೀಕರಣದ ಹೊತ್ತಿಗಷ್ಟೇ ಕೊಟ್ಟಿದ್ದರಂತೆ.

‘ಹಾಗಾದರೆ ಬಾದಾಮಿಯ ಬನಶಂಕರಿ ಜಾತ್ರೆಯ ಕಂಪನಿ ನಾಟಕದಲ್ಲಿ ತಾಯಿ ಪಾತ್ರ ಗೋಳಾಡಿ ಅತ್ತರೂ ಜನ ಕಣ್ಣೊರೆಸಿಕೊಳ್ಳುತ್ತಾರಲ್ಲ?’ ಅಂತ ನೀವು ಕೇಳಬಹುದು. ನಿಜ, ನಾನೂ ಒರೆಸಿಕೊಂಡಿದ್ದೇನೆ. ಅಲ್ಲಿ ಕೊನೇ ಸಾಲಿನಲ್ಲಿ ಕೂತವರಿಗೂ ದುಃಖ ಮುಟ್ಟಬೇಕು. ತಡೆದುಕೊಂಡ ಅಳು ಅಷ್ಟು ದೂರ ಹೋಗುವುದಿಲ್ಲ. ಟಿವಿ ಕ್ಯಾಮೆರಾ ಮಾತ್ರ ಮುಖದ ಹತ್ತಿರವೇ ಇರುತ್ತದೆ. ತುಟಿ ಅದುರಿದರೂ ಸಾಕು, ಕಾಣುತ್ತದೆ. ಎರಡೂ ದೊಡ್ಡ ಕಲೆಯೇ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಚ್ಚಬಾರದು, ಅಷ್ಟೇ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮಕ್ಕಳ ಕಾರ್ಯಕ್ರಮ ‘ಸೆಸಮೆ ಸ್ಟ್ರೀಟ್’. ಅಂಗಡಿಯ ಹೂಪರ್ ಅಜ್ಜನ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರಲ್ಲಿ ತೀರಿಕೊಂಡರು. ಬೇರೆ ನಟನನ್ನು ತರಲಿಲ್ಲ. ಅಜ್ಜ ಸತ್ತ ವಿಷಯವನ್ನೇ 1983ರ ನವೆಂಬರ್‌ನಲ್ಲಿ ಮಕ್ಕಳಿಗೆ ಹೇಳಿದರು. ಬಿಗ್ ಬರ್ಡ್ ಅನ್ನುವ ಮಗುವಿನಂಥ ಹಳದಿ ಹಕ್ಕಿ ಬೊಂಬೆ ಎಲ್ಲರ ಚಿತ್ರ ಬರೆದು ಹಂಚುತ್ತದೆ. ಹೂಪರ್ ಅವರದ್ದೊಂದು ಕೈಯಲ್ಲೇ ಉಳಿಯುತ್ತದೆ. ಅವರು ವಾಪಸ್ ಬಂದ ಮೇಲೆ ಕೊಡುತ್ತೇನೆ ಅನ್ನುತ್ತದೆ. ಬರುವುದಿಲ್ಲ ಅಂತ ದೊಡ್ಡವರು ಮೆಲ್ಲಗೆ ತಿಳಿಸುತ್ತಾರೆ. ಯಾಕೆ ಹೀಗೆ ಅಂದರೆ ಅವರ ಬಳಿ ಉತ್ತರವಿಲ್ಲ. ‘ಯಾಕೆಂದರೆ… ಹಾಗೇ’ ಅನ್ನುತ್ತಾರೆ. ಮಗುವಿನ ಮುಂದೆ ಇಷ್ಟು ಪ್ರಾಮಾಣಿಕವಾಗಿ ನಿಂತ ಬರವಣಿಗೆ ತೀರಾ ಅಪರೂಪ.

ನಮ್ಮದೇ ಉದಾಹರಣೆ ಬೇಕಾದರೆ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಹುಡುಗ ಸ್ವಾಮಿಯ ಗೆಳೆಯ ರಾಜಂ ಊರು ಬಿಡುವ ಪ್ರಸಂಗ ನೋಡಿ. ಅಲ್ಲಿ ಸಾವಿಲ್ಲ. ಗೆಳೆತನ ಸರಿಹೋಗುವ ಮೊದಲೇ ಅಗಲಿಕೆ ಬರುತ್ತದೆ.

ಅಭ್ಯಾಸಕ್ಕೆ ಒಂದು ಕೆಲಸ. ಇವತ್ತು ರಾತ್ರಿ ಮನೆಯಲ್ಲಿ ಹಾಕುವ ಧಾರಾವಾಹಿಯ ಅಳುವ ದೃಶ್ಯವನ್ನು ಮ್ಯೂಟ್ ಮಾಡಿ ನೋಡಿ. ಹಿನ್ನೆಲೆ ಸಂಗೀತ ತೆಗೆದ ಮೇಲೆ ಎಷ್ಟು ದುಃಖ ಉಳಿಯಿತು, ಅದು ಯಾರ ಮುಖದಲ್ಲಿತ್ತು ಅಂತ ಬರೆದುಕೊಂಡು ಬನ್ನಿ.