ಓದುಗರ ಪ್ರಶ್ನೆ: ಮುಂಬಯಿಯ ಪವಾಯಿ ಕೆರೆಯಲ್ಲಿ ಎರೆ ಎಷ್ಟು ದೂರ ಎಸೆಯಬೇಕು?

"ಪವಾಯಿಯಲ್ಲಿ ರೋಹು, ಕಟ್ಲಾಕ್ಕೆ ಗಾಳ ಹಾಕುತ್ತೇನೆ. ಕೆರೆಯ ಮಧ್ಯಕ್ಕೆ ಎಸೆಯಲು ಹೋದರೆ ಹಿಟ್ಟಿನ ಉಂಡೆ ಗಾಳಿಯಲ್ಲೇ ಒಡೆದುಹೋಗುತ್ತದೆ. ಉದ್ದದ ರಾಡ್ ತಗೊಳ್ಳಲಾ?"

ಬೇಡ ಮಾರಾಯ್ರೇ. ದುಡ್ಡು ಉಳಿಸಿಕೊಳ್ಳಿ.

ಮಳೆಗಾಲ ಮುಗಿದ ಕೂಡಲೇ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಒಮ್ಮೆ ಮುಲುಂಡ್‌ನವರು, ಇನ್ನೊಮ್ಮೆ ಪುಣೆಯವರು. ಕೆರೆಯ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಅದರ ಹಿಂದಿರುವ ನಂಬಿಕೆಯೂ ಒಂದೇ: ದೊಡ್ಡ ಮೀನು ನಡುನೀರಿನಲ್ಲೇ ಇರುತ್ತದೆ, ದಡದ ಹತ್ತಿರ ಇರುವುದೆಲ್ಲ ಪುಡಿ ಮೀನು.

ಇದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮುಂಬಯಿಯ ನಮ್ಮವರಲ್ಲಿ ಬಹಳ ಜನ ಉಡುಪಿ, ಕುಂದಾಪುರ, ಮಂಗಳೂರು ಕಡೆಯವರು. ಕಡಲ ಬಂಡೆ ಮೇಲೆ ನಿಂತು ಗಾಳ ಹಾಕಿ ಕಲಿತವರು. ಅಲ್ಲಿ ತೆರೆ ಒಡೆಯುವ ಜಾಗ ದಾಟಿಸಿ ಎಸೆಯದಿದ್ದರೆ ಎರೆ ವಾಪಸ್ ಕಾಲಬುಡಕ್ಕೇ ಬರುತ್ತದೆ. ಸಮುದ್ರಕ್ಕೆ ಅದು ಸರಿ. ಆದರೆ ರೋಹು, ಕಟ್ಲಾದಂಥ ಗೆಂಡೆ ಜಾತಿಯ ಮೀನಿಗೆ ಅದೇ ಲೆಕ್ಕ ಹಾಕಿದರೆ ಆಗುವುದಿಲ್ಲ.

ಈ ಮೀನು ತಿನ್ನುವುದಾದರೂ ಏನು? ಹುಳ, ಬಸವನಹುಳು, ಪಾಚಿ, ಕೊಳೆತ ಸೊಪ್ಪು, ನೀರಲ್ಲಿ ತೇಲುವ ಸಣ್ಣ ಜೀವಿಗಳು. ಇವುಗಳಲ್ಲಿ ಬಹುಪಾಲು ಬೆಳೆಯುವುದು ಬಿಸಿಲು ತಳ ಮುಟ್ಟುವಲ್ಲಿ, ಅಂದರೆ ದಡದ ಕಡೆ. ಗಾಳಿ ಯಾವ ದಡಕ್ಕೆ ಬೀಸುತ್ತದೋ ತೇಲುವ ತಿಂಡಿಯೆಲ್ಲ ಅಲ್ಲಿ ಬಂದು ಸೇರುತ್ತದೆ. ಪವಾಯಿಯಲ್ಲಂತೂ ನೀರ ಮೇಲೆ ತೇಲುವ ಜಲಪರ್ಣಿ ಕಳೆಯ ಅಂಚಿನಲ್ಲಿ ನೆರಳೂ ಇದೆ, ಊಟವೂ ಇದೆ. ಪುಣೆ ಹತ್ತಿರದ ಮುಳಶಿಯಂಥ ಆಳದ ಅಣೆಕಟ್ಟಿನ ನೀರಿನ ಕಥೆಯೇ ಬೇರೆ. ಬೇಸಿಗೆಯಲ್ಲಿ ಆಳದ ನೀರಿನ ತಳದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಉಸಿರಾಡಲು ಕಷ್ಟವಾಗುವಲ್ಲಿ ಮೀನು ಊಟಕ್ಕೆ ಯಾಕೆ ಇಳಿಯುತ್ತದೆ?

"ಮಧ್ಯದಲ್ಲಿ ದೊಡ್ಡದು ಹಾರಿದ್ದನ್ನು ನಾನೇ ನೋಡಿದ್ದೇನೆ" ಅನ್ನುತ್ತೀರಿ. ನೋಡಿರಬಹುದು. ಹಾರುವ ಮೀನು ತಿನ್ನುತ್ತಿದೆ ಅಂತ ಯಾರು ಹೇಳಿದರು? "ನನ್ನ ಗೆಳೆಯನಿಗೆ ದೂರದಲ್ಲೇ ಸಿಕ್ಕಿತು" ಎಂಬುದು ಇನ್ನೊಂದು ವಾದ. ಎಲ್ಲರೂ ದೂರಕ್ಕೇ ಎಸೆದರೆ ಸಿಕ್ಕಿದ್ದೆಲ್ಲ ದೂರದಲ್ಲೇ ಸಿಕ್ಕಿರುತ್ತದೆ, ಅಲ್ವಾ? ದಡದ ಹತ್ತಿರ ಹಾಕಿ ನೋಡಿದವರು ಯಾರು?

ಇನ್ನೊಂದು ಮಾತು. ಗೆಂಡೆಗಳ ಕಿವಿ ಚುರುಕು. ಗಾಳಿಚೀಲದಿಂದ ಒಳಕಿವಿಗೆ ಸದ್ದು ಮುಟ್ಟಿಸುವ ಪುಟ್ಟ ಮೂಳೆಗಳೇ ಇವಕ್ಕೆ ಇವೆ. ದಡದಲ್ಲಿ ನೀವು ದಪದಪ ನಡೆದು, ಬಕೆಟ್ ಕುಕ್ಕಿ, ಜೋರಾಗಿ ಫೋನಿನಲ್ಲಿ ಹಾಡು ಹಾಕಿದರೆ ಮೀನು ದೂರ ಹೋಗುತ್ತದೆ. ಆಮೇಲೆ "ಮೀನೆಲ್ಲ ದೂರದಲ್ಲಿದೆ" ಅನ್ನುತ್ತೀರಿ!

ಹಾಗಂತ ನೀರಿಗೆ ಕಾಲು ಇಳಿಬಿಟ್ಟು ಕೂರಬೇಡಿ. ಪವಾಯಿಯಲ್ಲಿ ಮೊಸಳೆಗಳಿವೆ. ಗಾಳ ಹಾಕುವ ಮೊದಲು ಅಲ್ಲಿನ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಶನ್‌ನವರಲ್ಲಿ ವಿಚಾರಿಸಿ.

ಸರಿ, ಈಗ ಅಸಲು ವಿಷಯ. ಕೇಳಬೇಕಾದದ್ದು ಎಷ್ಟು ದೂರ ಅಂತಲ್ಲ, ಪ್ರತಿ ಸಲ ಅದೇ ಜಾಗಕ್ಕೆ ಬೀಳುತ್ತಿದೆಯಾ ಅಂತ. ಚಾರಾ, ಅಂದರೆ ಮೀನನ್ನು ಕರೆಯಲು ಹಾಕುವ ಹಿಟ್ಟು ಒಂದು ಕಡೆ, ಗಾಳ ಇನ್ನೊಂದು ಕಡೆ ಬಿದ್ದರೆ ನೀವು ಮೀನಿಗೆ ಸುಮ್ನೆ ಊಟ ಹಾಕಿ ಬಂದ ಹಾಗೆ.

ಎದುರು ದಡದಲ್ಲಿ ಒಂದು ಮರವನ್ನೋ ಕಟ್ಟಡವನ್ನೋ ಗುರುತು ಇಟ್ಟುಕೊಳ್ಳಿ. ದಿಕ್ಕು ಸಿಕ್ಕಿತು. ದೂರಕ್ಕೆ ರೀಲ್‌ನ ಸ್ಪೂಲ್, ಅಂದರೆ ದಾರ ಸುತ್ತಿರುವ ಉರುಳೆಯ ಮೇಲೆ ಒಂದು ಕ್ಲಿಪ್ ಇರುತ್ತದೆ, ಬೇಕಾದಷ್ಟು ದಾರ ಬಿಟ್ಟು ಅದಕ್ಕೆ ಸಿಕ್ಕಿಸಿ. ದಾರ ಕ್ಲಿಪ್‌ಗೆ ಬಂದು ನಿಲ್ಲುವಾಗ ಜಗ್ಗುತ್ತದೆ, ಉಂಡೆ ಒಡೆಯುವುದು ಆಗಲೇ. ಅದಕ್ಕೆ ಉಂಡೆ ಹಾರುತ್ತಿರುವಾಗ ರಾಡ್ ನೆಟ್ಟಗೆ ಹಿಡಿದಿರಿ, ದಾರ ಬಿಗಿಯಾಗುತ್ತಿದ್ದಂತೆ ಮುಂದಕ್ಕೆ ಬಗ್ಗಿಸಿ. ಉಂಡೆ ಮೆತ್ತಗೆ ಬೀಳುತ್ತದೆ. ಬಿದ್ದ ಮೇಲೆ ದಾರವನ್ನು ಕ್ಲಿಪ್‌ನಿಂದ ಬಿಡಿಸಲೇಬೇಕು. ಇಲ್ಲದಿದ್ದರೆ ದೊಡ್ಡ ಕಟ್ಲಾ ಒಂದೇ ಓಟಕ್ಕೆ ದಾರ ಹರಿದುಕೊಂಡು ಹೋಗುತ್ತದೆ. ಬಿಡಿಸುವ ಮೊದಲು ಅಲ್ಲಿ ಬಣ್ಣದ ನೂಲಿನ ಗುರುತು ಕಟ್ಟಿದ್ದರೆ ಮುಂದಿನ ಸಲಕ್ಕೆ ಸುಲಭ. ತಳ ಮುಟ್ಟಿದ ಮೇಲೆ ರೀಲ್ ತಿರುಗಿಸಿ ಎಳೆದುಕೊಳ್ಳುವ ಚಟ ಬಿಡಿ. ಸಡಿಲು ತೆಗೆದರೆ ಸಾಕು.

ಹಿಟ್ಟಿನ ಹದ ಅರ್ಧ ಕೆಲಸ. ಶೇಂಗಾ ಹಿಂಡಿ, ತೌಡು, ಬ್ರೆಡ್ ಪುಡಿ ಒಣಗಿದ್ದಾಗಲೇ ಬೆರೆಸಿ. ನೀರು ಚಿಮುಕಿಸುತ್ತಾ ಕಲಸಿ, ಸ್ವಲ್ಪ ಹೊತ್ತು ಬಿಡಿ. ಹಿಂಡಿ ನೀರು ಕುಡಿಯಲು ಸಮಯ ಬೇಕು. ಪುಟ್ಟಿನ ಹಿಟ್ಟಿನ ಹದಕ್ಕೆ ಬರಬೇಕು: ಮುಷ್ಟಿಯಲ್ಲಿ ಒತ್ತಿದರೆ ಉಂಡೆ, ಬೆರಳು ತಾಗಿಸಿದರೆ ಪುಡಿ. ಇದನ್ನು ಗಾಳದ ದಾರಕ್ಕೆ ಕಟ್ಟುವ ತಂತಿ ಸುರುಳಿಯ, ಅಂದರೆ ಸ್ಪ್ರಿಂಗ್‌ನ ಸುತ್ತ ಒತ್ತಿ, ಬಕೆಟ್ ನೀರಿಗೆ ಹಾಕಿ ನೋಡಿ. ಮುಳುಗುವಷ್ಟು ಹೊತ್ತು ಗಟ್ಟಿ ಇದ್ದು, ಕೆಲವು ನಿಮಿಷಗಳಲ್ಲಿ ಪದರ ಪದರವಾಗಿ ಉದುರಬೇಕು. ಕಲ್ಲಿನಂತೆ ಕೂತರೆ ಒಣ ತೌಡು ಸೇರಿಸಿ. ಆಳ ಜಾಸ್ತಿ ಇದ್ದರೆ ಸ್ವಲ್ಪ ಬಿಗಿಯಾಗಿ ಒತ್ತಿ.

ಕಟ್ಲಾಕ್ಕೆ ಇದನ್ನು ತಳಕ್ಕೆ ಬಿಡಬೇಡಿ. ಅದರ ಬಾಯಿ ಮೇಲ್ಮುಖ, ಮೇಲಿನ ನೀರಿನಲ್ಲೇ ಅದರ ಊಟ. ಬೆಂಡು ಕಟ್ಟಿ ಸ್ಪ್ರಿಂಗನ್ನು ಮೇಲೆಯೇ ತೂಗಾಡಿಸಿ. ಮೃಗಾಲ್, ಸಾಮಾನ್ಯ ಗೆಂಡೆಗೆ ತಳವೇ ಸರಿ. ರೋಹು ನಡುವಿನದು.

ಚಾರಾ ಎಷ್ಟು ಅಂದರೆ, ಸ್ವಲ್ಪ ಸ್ವಲ್ಪ, ಆಗಾಗ. ಗೆಂಡೆಗೆ ಹೊಟ್ಟೆಯ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಅದು ದಿನವಿಡೀ ಮೇಯುವ ಪ್ರಾಣಿ. ಬೆಳಿಗ್ಗೆಯೇ ಬಕೆಟ್ ಪೂರ್ತಿ ಸುರಿದರೆ ಉಳಿದದ್ದು ತಳದಲ್ಲಿ ಹುಳಿಯುತ್ತದೆ, ಅಷ್ಟೇ.

ನೀವು ಕೇಳಲಿಲ್ಲ, ಆದರೆ ನಾಳೆ ಕೇಳುತ್ತೀರಿ: ಹತ್ತಿರ ಹಾಕಿದರೆ ಜಿಲೇಬಿ ಮೀನು (ತಿಲಾಪಿಯಾ) ಹಿಟ್ಟು ಕದಿಯುವುದಿಲ್ಲವಾ? ಕದಿಯುತ್ತದೆ, ಅದೂ ಗುಂಪು ಕಟ್ಟಿಕೊಂಡು. ಹಾಗೆಂದು ಮತ್ತೆ ನಡುನೀರಿಗೆ ಓಡಬೇಡಿ, ಗಾಳದ ಎರೆ ಗಟ್ಟಿ ಮಾಡಿ. ಸ್ಪ್ರಿಂಗ್‌ಗೆ ಹಿಟ್ಟು ಇರಲಿ, ಗಾಳಕ್ಕೆ ಬೇಯಿಸಿದ ಮೆಕ್ಕೆಜೋಳ ಅಥವಾ ಕಡಲೆ. ಗೆಂಡೆಯ ಗಂಟಲಲ್ಲಿ ಹಲ್ಲುಗಳಿವೆ, ಬಸವನಹುಳುವಿನ ಚಿಪ್ಪನ್ನೇ ಅರೆಯುತ್ತದೆ, ಕಡಲೆ ಯಾವ ಲೆಕ್ಕ? ಕಾಳನ್ನು ಗಾಳಕ್ಕೆ ಚುಚ್ಚದೆ, ಗಾಳದ ಹಿಂದೆ ಸಣ್ಣ ದಾರದಲ್ಲಿ ಪೋಣಿಸಿ. 1980ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಲೆನ್ನಿ ಮಿಡಲ್ಟನ್, ಕೆವಿನ್ ಮ್ಯಾಡಕ್ಸ್ ಈ ಉಪಾಯ ಮಾಡಿದಾಗ ದಾರದ ಬದಲು ತಲೆಕೂದಲನ್ನೇ ಬಳಸಿದ್ದರು, ಅದಕ್ಕೇ ಇದು ಹೇರ್ ರಿಗ್. ಮೀನು ಕಾಳನ್ನು ಹೀರಿ, ಅನುಮಾನ ಬಂದು ಉಗುಳುವಾಗ ಖಾಲಿ ಗಾಳ ತುಟಿಗೆ ಸಿಕ್ಕಿಕೊಳ್ಳುತ್ತದೆ. ಕಡಲೆಯನ್ನು ರಾತ್ರಿಯೇ ನೆನೆಸಿಡಿ. ಬೆಳಿಗ್ಗೆ ಕುಕ್ಕರ್‌ನಲ್ಲಿ ಬೇಯಿಸುವಾಗ ಸಿಪ್ಪೆ ಬಿಡದಂತೆ ನೋಡಿಕೊಳ್ಳಿ, ಸಿಪ್ಪೆ ಹೋದ ಕಾಳು ದಾರದಲ್ಲಿ ನಿಲ್ಲುವುದಿಲ್ಲ.